ಫಿಲ್ ಟೇಲರ್ 16 ಸಲ ವಿಶ್ವ ಚಾಂಪಿಯನ್ ಆಗಿದ್ದು ಎದುರಾಳಿಗಳೇ ಇಲ್ಲದ್ದಕ್ಕಾ?

ಡಬಲ್ ಹದಿನಾರು:
ಲ್ಯೂಕ್ ಲಿಟ್ಲರ್ ಅನ್ನುವ ಹುಡುಗ ಬಂದ ಮೇಲೆ ಡಾರ್ಟ್ಸ್ (ಬೋರ್ಡಿಗೆ ಸಣ್ಣ ಚೂಪು ಬಾಣ ಎಸೆಯುವ ಆಟ) ನೋಡುವ ಕನ್ನಡದವರು ಜಾಸ್ತಿ ಆಗಿದ್ದಾರೆ, ಖುಷಿ. ಅದರ ಜೊತೆಗೇ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತಿದೆ. ಟೇಲರ್ ಕಾಲದಲ್ಲಿ ಸರಿಯಾಗಿ ಆಡುವವರೇ ಇರಲಿಲ್ಲ, ಅದಕ್ಕೇ ಅಷ್ಟು ಕಪ್ ಬಂತು ಅಂತ. ನನಗಂತೂ ಇದು ಒಪ್ಪಿಗೆಯಿಲ್ಲ. ಈ ಮನುಷ್ಯನ ಕತೆಯನ್ನು ಮೊದಲಿಂದ ನೋಡಿದರೆ ಕಪ್ಪಿನ ಲೆಕ್ಕಕ್ಕಿಂತ ಬೇರೆಯದೇ ಕಾಣುತ್ತದೆ.

ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್‌ನಲ್ಲಿ 1960ರಲ್ಲಿ ಹುಟ್ಟಿದವನು. ಆ ಊರು ಪಿಂಗಾಣಿ ಕೆಲಸಕ್ಕೆ ಹೆಸರಾದದ್ದು. 15ಕ್ಕೇ ಶಾಲೆ ಬಿಟ್ಟ. ಕಕ್ಕಸಿನ ಪಿಂಗಾಣಿ ಹಿಡಿಕೆ ಮಾಡುವ ಕಾರ್ಖಾನೆಯಲ್ಲಿ ವಾರಕ್ಕೆ 52 ಪೌಂಡ್ ಸಂಬಳ. ಅದೇ ಊರಿನ ಬರ್ಸ್ಲೆಮ್‌ನಲ್ಲಿ ಎರಿಕ್ ಬ್ರಿಸ್ಟೋ ಒಂದು ಪಬ್ ಇಟ್ಟಿದ್ದ. ಬ್ರಿಸ್ಟೋ ಅಂದರೆ ಐದು ಸಲ ವಿಶ್ವ ಚಾಂಪಿಯನ್, ಆ ಕಾಲದ ದೊಡ್ಡ ತಾರೆ. ಅವನು ಟೇಲರ್‌ನ ಎಸೆತ ನೋಡಿ, ಕೆಲಸ ಬಿಡು, ನಾನು 10,000 ಪೌಂಡ್ ಕೊಡುತ್ತೇನೆ, ಆಮೇಲೆ ವಾಪಸ್ ಕೊಡು ಅಂದ. ದಾನ ಅಲ್ಲ, ಸಾಲ. ಹೆಂಡತಿ ಮಕ್ಕಳಿರುವ ಮನೆ, ಕೈಯಲ್ಲಿ ಇನ್ನೊಬ್ಬರ ದುಡ್ಡು.

ಬ್ರಿಸ್ಟೋ ಪ್ರೀತಿಯಿಂದ ಕಲಿಸುವ ಗುರು ಅಲ್ಲ. ಟೇಲರ್ ಫೋನ್ ಮಾಡಿ ಫೈನಲ್‌ವರೆಗೂ ಹೋದೆ, ಸೋತೆ ಅಂದರೆ, ಗೆದ್ದಾಗ ಫೋನ್ ಮಾಡು ಅಂತ ಇಟ್ಟುಬಿಡುತ್ತಿದ್ದನಂತೆ. 1990ರ ವಿಶ್ವ ಚಾಂಪಿಯನ್‌ಷಿಪ್‌ಗೆ ಟೇಲರ್ ಹೋದಾಗ ಬುಕ್ಕಿಗಳು ಕೊಟ್ಟಿದ್ದು ಒಂದಕ್ಕೆ 125, ಅಂದರೆ ಗೆಲ್ಲುತ್ತಾನೆ ಅಂತ ಅವರಿಗೆ ನಂಬಿಕೆಯೇ ಇರಲಿಲ್ಲ. ಫೈನಲ್‌ನಲ್ಲಿ ಎದುರಿಗೆ ನಿಂತವನು ಇದೇ ಬ್ರಿಸ್ಟೋ. ಟೇಲರ್ 6-1ರಲ್ಲಿ ಗೆದ್ದ. ಸಾಲ ಕೊಟ್ಟವನನ್ನೇ ಸೋಲಿಸಿ ಶುರುವಾದ ವೃತ್ತಿ ಇದು. ಈಗ ಹೇಳಿ, ಎದುರಾಳಿ ಇರಲಿಲ್ಲವಾ?

ಸುಮ್ನೆ ಓದೋನು:
ಸರ್, ಅಡ್ಡ ಬಂದೆ ಅಂತ ಬೇಜಾರಾಗಬೇಡಿ. ಲೆಗ್ ಅಂದರೇನು, ಸೆಟ್ ಅಂದರೇನು, ನಡುವಿನ ಕೆಂಪಿಗೆ ಹೊಡೆಯೋದು ಬಿಟ್ಟು ಯಾಕೆ ಎಲ್ಲರೂ ಮೇಲಕ್ಕೇ ಹೊಡೆಯುತ್ತಾರೆ? ಮೂರು ಎಸೆತಕ್ಕೆ 180 ಅಂತ ಕೂಗುತ್ತಾರಲ್ಲ, ಅಷ್ಟು ಮಾತ್ರ ಗೊತ್ತು.

ಹಳೇ ಸ್ಕೋರರ್:
ನಾನು ಹೇಳುತ್ತೇನೆ ತಮ್ಮಾ. ಬೋರ್ಡು ಸಿಸಲ್ ನಾರಿನದು, ನಮ್ಮ ಕತ್ತಾಳೆ ಜಾತಿಯ ಗಿಡದ್ದೇ. ನಾರನ್ನು ಒತ್ತಿ ನಿಲ್ಲಿಸಿರುತ್ತಾರೆ. ಡಾರ್ಟು ಚುಚ್ಚಿ ತೆಗೆದರೆ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಬೋರ್ಡಿನ ನಡು ನೆಲದಿಂದ 1.73 ಮೀಟರ್ ಎತ್ತರ, ನಿಲ್ಲುವ ಗೆರೆ ಬೋರ್ಡಿನಿಂದ 2.37 ಮೀಟರ್ ದೂರ.

ನಡುವಿನ ಕೆಂಪು ಬುಲ್‌ಗೆ 50. 20ರ ಮನೆಯೊಳಗೆ ಒಂದು ಸಣ್ಣ ಪಟ್ಟಿ ಇದೆ, ಅದು ಟ್ರೆಬಲ್. ಅಲ್ಲಿ ಬಿದ್ದರೆ 60. ಅದಕ್ಕೇ ಎಲ್ಲರೂ ಮೇಲೆ ಹೊಡೆಯುವುದು. ಆದರೆ 20ರ ಎಡಕ್ಕೆ 5, ಬಲಕ್ಕೆ 1. ಬೆರಳು ಒಂಚೂರು ಅಲುಗಿದರೆ 20, 5, 1 ಸೇರಿ ಬರೀ 26. ದುರಾಸೆಗೆ ದಂಡ ಅಲ್ಲೇ ಪಕ್ಕದಲ್ಲಿ ಇಟ್ಟಿದ್ದಾರೆ.

ಇಬ್ಬರೂ 501ರಿಂದ ಇಳಿಯುತ್ತಾ ಬರಬೇಕು. ಸರಿಯಾಗಿ ಸೊನ್ನೆಗೆ ಬರಬೇಕು, ಅದೂ ಕೊನೆಯ ಎಸೆತ ಹೊರಗಿನ ಸಣ್ಣ ಉಂಗುರಕ್ಕೆ, ಅಂದರೆ ಡಬಲ್‌ಗೆ ಬೀಳಬೇಕು. ಯಾರು ಮೊದಲು ಮುಗಿಸುತ್ತಾರೋ ಅವರಿಗೆ ಲೆಗ್. ಮೂರು ಲೆಗ್ ಗೆದ್ದರೆ ಸೆಟ್. ಈಗ ವಿಶ್ವ ಫೈನಲ್‌ನಲ್ಲಿ ಏಳು ಸೆಟ್ ಮೊದಲು ಗೆದ್ದವರು ಚಾಂಪಿಯನ್.

ನಿಜವಾದ ಆಟ ಲೆಕ್ಕದಲ್ಲಿದೆ. 32 ಉಳಿದರೆ ಡಬಲ್ 16 ಬೇಕು. ತಪ್ಪಿ ಒಳಗೆ ಬಿದ್ದರೆ 16 ಹೋಯಿತು, 16 ಉಳಿಯಿತು, ಡಬಲ್ 8. ಅದೂ ತಪ್ಪಿದರೆ ಡಬಲ್ 4, ಆಮೇಲೆ ಡಬಲ್ 2, ಡಬಲ್ 1. ಕೊನೆವರೆಗೂ ಸಮಸಂಖ್ಯೆಯೇ. ಅದೇ 38 ಇಟ್ಟುಕೊಂಡು ಡಬಲ್ 19 ತಪ್ಪಿಸಿ ಒಳಗೆ ಬಿದ್ದರೆ 19 ಉಳಿಯುತ್ತದೆ, ಬೆಸ. ಇನ್ನೊಂದು ಡಾರ್ಟು ಬರೀ ಲೆಕ್ಕ ಸರಿಮಾಡಲು ಹೋಗುತ್ತದೆ. ಈ ಚರ್ಚೆ ಶುರುಮಾಡಿದವರ ಹೆಸರು ನೋಡಿ, ಸುಮ್ನೆ ಇಟ್ಟುಕೊಂಡಿದ್ದಲ್ಲ ಅಂತ ಕಾಣುತ್ತದೆ.

ಪೀಣ್ಯ ಎರಡನೇ ಹಂತ:
ಕತೆ ಚೆನ್ನಾಗಿದೆ ಗುರು, ಆದರೆ 1990 ಒಂದೇ ಇಟ್ಟುಕೊಂಡು ವಾದ ಮಾಡಬೇಡಿ. ಆ ಫೈನಲ್ ಹೊತ್ತಿಗೆ ಬ್ರಿಸ್ಟೋಗೆ ಡಾರ್ಟೈಟಿಸ್ ಬಂದು ವರ್ಷಗಳೇ ಆಗಿದ್ದವು. ಕೈಯಿಂದ ಡಾರ್ಟು ಬಿಡುವುದಕ್ಕೇ ಆಗದ ಕಾಯಿಲೆ ಅದು. ಅವನು ಗೆದ್ದ ಐದೂ ಕಪ್ 1980ರಿಂದ 1986ರ ಒಳಗಿನವು.

ಈಗ ದೊಡ್ಡ ಲೆಕ್ಕಕ್ಕೆ ಬನ್ನಿ. 1993ರಲ್ಲಿ ಡಾರ್ಟ್ಸ್ ಎರಡು ಭಾಗ ಆಯಿತು. ಟೇಲರ್ ಆಟಗಾರರೇ ಕಟ್ಟಿದ ಹೊಸ ಸಂಸ್ಥೆಯ ಕಡೆ ಹೋದ, ಈಗ ಪಿಡಿಸಿ ಅನ್ನುವ ಸಂಸ್ಥೆ ಅದೇ. 1994ರಲ್ಲಿ ಅವರ ಮೊದಲ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆಡಿದ್ದು 24 ಜನ. ಮೂರು ಮೂರು ಜನರ ಗುಂಪು ಮಾಡಿ ಆಡಿಸಿದರು. ಈಗ 128 ಜನ ಆಡುತ್ತಾರೆ. ಟೇಲರ್ 1995ರಿಂದ 2002ರವರೆಗೆ ಸತತ ಎಂಟು ಸಲ ಗೆದ್ದಾಗ ರೇಮಂಡ್ ವಾನ್ ಬಾರ್ನೆವೆಲ್ಡ್ ಎಲ್ಲಿದ್ದ? ಇನ್ನೊಂದು ಕಡೆ, ಬಿಡಿಓ ಅನ್ನುವ ಹಳೇ ಡಾರ್ಟ್ಸ್ ಸಂಸ್ಥೆಯಲ್ಲಿ. 1998, 1999ರಲ್ಲಿ ಅಲ್ಲಿ ಅವನೇ ಚಾಂಪಿಯನ್. ಅರ್ಧ ಊರು ಪಕ್ಕದ ಬೀದಿಯಲ್ಲಿ ಆಡುತ್ತಿರುವಾಗ ನಮ್ಮ ಬೀದಿಗೆ ನಾನೇ ರಾಜ ಅಂದ ಹಾಗಾಯಿತು.

ಡಬಲ್ ಹದಿನಾರು:
24 ಜನ ಅನ್ನುವುದು ನಿಜ, ಬಿಡಿ. ಆದರೆ ಹೊಸ ಕಡೆಗೆ ಹೋದವರು ಯಾರು ಅಂತಲೂ ನೋಡಬೇಕಲ್ವಾ? ಎಂಬತ್ತರ ದಶಕದ ಕೊನೆಗೆ ಟಿವಿಯವರು ಡಾರ್ಟ್ಸ್ ಕೈಬಿಟ್ಟರು. ವರ್ಷಕ್ಕೆ ವಿಶ್ವ ಚಾಂಪಿಯನ್‌ಷಿಪ್ ಒಂದು ಬಿಟ್ಟರೆ ಪರದೆಯ ಮೇಲೆ ಆಟವೇ ಇಲ್ಲ. ಪ್ರಾಯೋಜಕರಿಲ್ಲ, ಹೊಟ್ಟೆಪಾಡಿಲ್ಲ. ಅದಕ್ಕೇ 16 ಆಟಗಾರರು ಎದ್ದು ನಿಂತರು. ಅವರಲ್ಲಿ ಬ್ರಿಸ್ಟೋ, ಜಾನ್ ಲೋ, ಬಾಬ್ ಆಂಡರ್ಸನ್, ಡೆನಿಸ್ ಪ್ರೀಸ್ಟ್ಲಿ ಎಲ್ಲ ಇದ್ದರು. ಅಂದರೆ ಆಗ ಆಡುತ್ತಿದ್ದ ವಿಶ್ವ ಚಾಂಪಿಯನ್‌ಗಳೆಲ್ಲ ಹೊಸ ಕಡೆಗೇ ಬಂದರು. ಹೆಚ್ಚು ಜನ ಉಳಿದದ್ದು ಆ ಕಡೆ ಇರಬಹುದು, ಹೆಸರಿದ್ದವರು ಬಂದದ್ದು ಈ ಕಡೆ. ಹೊಸ ಸಂಸ್ಥೆಯ ಮೊದಲ ವಿಶ್ವ ಫೈನಲ್‌ನಲ್ಲಿ ಟೇಲರ್ ಪ್ರೀಸ್ಟ್ಲಿ ಎದುರು 6-1ರಲ್ಲಿ ಸೋತ. ಖಾಲಿ ಮೈದಾನ ಆಗಿದ್ದರೆ ಅವತ್ತೇ ಗೆಲ್ಲಬೇಕಿತ್ತು.

ಬಾರ್ನೆವೆಲ್ಡ್ ಬಗ್ಗೆ ಕೇಳಿದಿರಿ. 1999ರ ನವೆಂಬರ್‌ನಲ್ಲಿ ವೆಂಬ್ಲಿಯಲ್ಲಿ ಇಬ್ಬರನ್ನೂ ಎದುರುಬದುರು ನಿಲ್ಲಿಸಿದರು. ಈ ಕಡೆಯ ಚಾಂಪಿಯನ್, ಆ ಕಡೆಯ ಚಾಂಪಿಯನ್, ಒಂದು ಗಂಟೆಯ ಆಟ. ಟೇಲರ್ 21-10 ಲೆಗ್‌ಗಳಲ್ಲಿ ಗೆದ್ದ. ಇದಕ್ಕೇನು ಹೇಳುತ್ತೀರಿ?

ಪೀಣ್ಯ ಎರಡನೇ ಹಂತ:
ಒಂದು ಗಂಟೆಯ ಪ್ರದರ್ಶನ ಪಂದ್ಯ. ಅದನ್ನು ಎಂಟು ವರ್ಷಕ್ಕೆ ಸಾಕ್ಷಿ ಅಂತ ತರುತ್ತೀರಾ? 1992ರ ಫೈನಲ್‌ನಲ್ಲಿ ಮೈಕ್ ಗ್ರೆಗರಿ ಕೈಗೆ ಬಂದಿದ್ದ ಕಪ್ಪನ್ನು ಬಿಟ್ಟುಕೊಟ್ಟ. ಗೆಲ್ಲಲು ಆರು ಡಾರ್ಟು ಸಿಕ್ಕವು, ಆರೂ ಡಬಲ್ ತಪ್ಪಿದವು. ಟೇಲರ್ 6-5. ಅದೃಷ್ಟವೂ ಇತ್ತು ಅಂತ ಒಪ್ಪಿಕೊಳ್ಳಿ.

ಹಳೇ ಸ್ಕೋರರ್:
ಗ್ರೆಗರಿ ಆರು ತಪ್ಪಿಸಿದ, ಸರಿ. ಆದರೆ ಅವನು ತಪ್ಪಿಸಿದಾಗಲೆಲ್ಲ ಟೇಲರ್ ಇನ್ನೂ ಆಟದಲ್ಲಿದ್ದ ಅನ್ನುವುದನ್ನು ಮರೆಯಬೇಡಿ. ಗೆಲುವಿನ ಡಬಲ್ ಮುಂದೆ ನಿಂತಾಗ ತೋಳು ಬೇರೆ ಯಾರದೋ ಆದಂತೆ ಇರುತ್ತದೆ. ಇನ್ನೊಬ್ಬ ಆರು ತಪ್ಪಿಸುವುದನ್ನು ಹಿಂದೆ ನಿಂತು ನೋಡಿ, ಆಮೇಲೆ ಬಂದು ತಾನು ತಪ್ಪಿಸದೆ ಇರುವುದು ಸುಲಭದ ಕೆಲಸವಾ?

ಡಾರ್ಟೈಟಿಸ್ ವಿಷಯ ಬಂತಲ್ಲ. ಅದನ್ನು ನೆಪ ಅಂದುಕೊಳ್ಳುವವರಿದ್ದಾರೆ. ಬ್ರಿಸ್ಟೋ ಗೆರೆಯ ಮೇಲೆ ನಿಂತು ಕೈ ಹಿಂದೆ ಮುಂದೆ ಆಡಿಸುತ್ತಾ, ಬಿಡಲಾಗದೆ ಒದ್ದಾಡುವ ವಿಡಿಯೋಗಳಿವೆ, ನೋಡಲು ಸಂಕಟ ಆಗುತ್ತದೆ. ಈಚೆಗೆ ನೇಥನ್ ಆಸ್ಪಿನಾಲ್‌ಗೂ ಬಂದಿತ್ತು. ಅವನು ಅದರಿಂದ ಹೊರಬಂದು 2023ರಲ್ಲಿ ಬ್ಲ್ಯಾಕ್‌ಪೂಲ್‌ನಲ್ಲಿ ವರ್ಲ್ಡ್ ಮ್ಯಾಚ್‌ಪ್ಲೇ ಅನ್ನುವ ದೊಡ್ಡ ಟೂರ್ನಿ ಗೆದ್ದ.

ಕೊಡೆಯಾಲದವ:
ನನ್ನದೊಂದು ಪ್ರಶ್ನೆ ಮಾರಾಯ್ರೆ. ಹೊಟ್ಟೆ ಬಿಟ್ಟುಕೊಂಡು, ಬಿಯರ್ ಕುಡಿದುಕೊಂಡು ಗೋಡೆಗೆ ಮೊಳೆ ಎಸೆಯುವುದು ಕ್ರೀಡೆಯಾ? ಜಗಳಕ್ಕೆ ಬರುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ಲೆಸ್ಟರ್ ಕನ್ನಡತಿ:
ಮೊಳೆಯಲ್ಲಿ ಟಂಗ್‌ಸ್ಟನ್ ಇರುತ್ತದೆ ಅಣ್ಣ, ಸ್ವಲ್ಪ ಮರ್ಯಾದೆ ಕೊಡಿ :)

ಬಿಯರ್ ಕುಡಿಯುವವರು ಈಗ ಸಭಾಂಗಣದಲ್ಲಿ ಕೂತಿರುತ್ತಾರೆ, ವೇದಿಕೆಯ ಮೇಲಲ್ಲ. ನಾನು ಇಲ್ಲಿ ಪಬ್ ಲೀಗಿನಲ್ಲಿ ಆಡುತ್ತೇನೆ. ಕೆಲಸ ಮುಗಿಸಿ ಹೋಗುವುದು. ಯಾರ ಪಬ್ಬಿನಲ್ಲಿ ಆಟವೋ ಅವರೇ ತಿನ್ನಲು ಏನಾದರೂ ಇಡಬೇಕು, ಅದು ರೂಢಿ. ಸ್ಯಾಂಡ್‌ವಿಚ್, ಚಿಪ್ಸ್, ಸಾಸೇಜ್ ರೋಲ್. ನಾನು ಒಂದು ಸಲ ಈರುಳ್ಳಿ ಬಜ್ಜಿ ಮಾಡಿಕೊಂಡು ಹೋದೆ, ಆಮೇಲೆ ಎದುರಾಳಿ ತಂಡದವರೂ ನಮ್ಮ ಕಡೆಯ ಪಂದ್ಯ ಯಾವಾಗ ಅಂತ ವಿಚಾರಿಸಲು ಶುರುಮಾಡಿದರು.

ಹೊರಗಿನವರಿಗೆ ಎಸೆತ ಕಾಣುತ್ತದೆ, ಲೆಕ್ಕ ಬರೆಯುವವರು ಕಾಣುವುದಿಲ್ಲ. ಬೋರ್ಡಿನ ಪಕ್ಕ ನಿಂತು 81 ಉಳಿದಿದೆ ಅಂತ ಬರೆಯುವಷ್ಟರಲ್ಲಿ ಎದುರಿಗಿನ ಅಜ್ಜ ಟ್ರೆಬಲ್ 19, ಡಬಲ್ 12 ಅಂತ ಮನಸ್ಸಿನಲ್ಲೇ ಮುಗಿಸಿ ಕೈ ಎತ್ತಿರುತ್ತಾರೆ. ಕ್ಯಾಲ್ಕುಲೇಟರ್ ಇಲ್ಲ, ಪೇಪರ್ ಇಲ್ಲ. ಮೊದಲನೆಯದು ಟ್ರೆಬಲ್‌ಗೆ ಬೀಳದೆ ಸಾದಾ 19 ಆಯಿತು ಅನ್ನಿ, ಆ ಕ್ಷಣದಲ್ಲೇ 62ಕ್ಕೆ ದಾರಿ ಬದಲಿಸಿ ಟ್ರೆಬಲ್ 10 ಕಡೆ ತಿರುಗುತ್ತಾರೆ, ಅದು ಬಿದ್ದರೆ 32 ಉಳಿಯುತ್ತದೆ ಅಂತ. ಎಸೆತದ ಲಯ ಮುರಿಯದೆ ಇದೆಲ್ಲ ಆಗಬೇಕು.

ವೃತ್ತಿ ಅಂದರೆ ಏನು ಅಂತಲೂ ಹೇಳುತ್ತೇನೆ. ಪಿಡಿಸಿಯಲ್ಲಿ ಟೂರ್ ಕಾರ್ಡ್, ಅಂದರೆ ವೃತ್ತಿಪರ ಪಂದ್ಯಗಳಲ್ಲಿ ಆಡುವ ಪರವಾನಗಿ, ಇರುವವರು 128 ಜನ. ಕಾರ್ಡ್ ಸಿಕ್ಕರೆ ಎರಡು ವರ್ಷ. ರ‍್ಯಾಂಕಿಂಗ್ ಅಂದರೆ ಎರಡು ವರ್ಷದಲ್ಲಿ ಗೆದ್ದ ಬಹುಮಾನದ ಮೊತ್ತ, ಅಷ್ಟೇ. ಮೊದಲ 64ರೊಳಗೆ ಇಲ್ಲದಿದ್ದರೆ ಕಾರ್ಡ್ ಹೋಯಿತು, ಜನವರಿಯಲ್ಲಿ ಕ್ಯೂ ಸ್ಕೂಲ್ ಅನ್ನುವ ಅರ್ಹತಾ ಸುತ್ತಿಗೆ ಮತ್ತೆ ಹೋಗಿ ಸಾಲಿನಲ್ಲಿ ನಿಲ್ಲಬೇಕು. ವಾರದ ಮಧ್ಯೆ ಲೆಸ್ಟರ್, ವಿಗನ್, ಜರ್ಮನಿಯ ಹಿಲ್ಡೆಸ್‌ಹೈಮ್ ಅಂತ ಸುತ್ತುತ್ತಾರೆ. ಮೊದಲ ಸುತ್ತಿನಲ್ಲೇ ಸೋತರೆ ಅವತ್ತಿನ ಗಳಿಕೆ ಸೊನ್ನೆ. ಹೋಟೆಲು, ಪೆಟ್ರೋಲು ಕೈಯಿಂದ. ಟಿವಿಯಲ್ಲಿ ಕಾಣುವ ಹೊಗೆ, ಬೆಳಕು, ಹಾಡಿನ ಪ್ರವೇಶ ಎಲ್ಲ ಮೇಲಿನ ಕೆಲವರಿಗೆ. ಉಳಿದವರು ಸಾಲು ಸಾಲು ಬೋರ್ಡಿನ ಮುಂದೆ ಹಗಲಲ್ಲಿ ಸದ್ದಿಲ್ಲದೆ ಆಡಿ ಮನೆಗೆ ಹೋಗುತ್ತಾರೆ.

ಇನ್ನೊಂದು. ಇದೇ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 2019ರ ಡಿಸೆಂಬರ್‌ನಲ್ಲಿ ಫಾಲನ್ ಶೆರಾಕ್ ಇಬ್ಬರು ಗಂಡಸರನ್ನು ಸೋಲಿಸಿದಳು. ಮೊದಲು ಟೆಡ್ ಎವೆಟ್ಸ್, ಆಮೇಲೆ ಮೆನ್ಸೂರ್ ಸುಲ್ಜೋವಿಚ್. ಅಲ್ಲಿ ಒಂದು ಪಂದ್ಯ ಗೆದ್ದ ಮೊದಲ ಹೆಂಗಸು ಅವಳು. ಗಂಡಸು ಹೆಂಗಸು ಒಂದೇ ಗೆರೆಯ ಮೇಲೆ ನಿಂತು ಆಡುವ ಆಟ ಎಷ್ಟಿವೆ ಹೇಳಿ. ನಾನು ಸೇರಿದ ಹೊಸತರಲ್ಲಿ ಒಂದು ಪಬ್ಬಿನಲ್ಲಿ ನನ್ನನ್ನು ನೋಡಿ ಸ್ಕೋರ್ ಬರೆಯಲು ಬಂದಿದ್ದೀಯಾ ಅಂತ ಕೇಳಿದ್ದರು. ಈಗ ಕೇಳುವುದಿಲ್ಲ.

ಕೊಡೆಯಾಲದವ:
ಅಕ್ಕಾ, ಬಜ್ಜಿ ವಿಷಯ ಮೊದಲೇ ಹೇಳಬಾರದಿತ್ತಾ? ಕ್ರೀಡೆಯೇ ಕ್ರೀಡೆ.

ನಿದ್ದೆಗೆಟ್ಟವ:
ಫೈನಲ್ ಅಲ್ಲಿ ರಾತ್ರಿ ಎಂಟಕ್ಕೆ ಶುರುವಾದರೆ ನಮಗೆ ಒಂದೂವರೆ. ಪ್ರತಿ ಹೊಸ ವರ್ಷ ನನ್ನ ಹಣೆಬರಹ ಇದೇ. ಹಾಗಾಗಿ ಟೇಲರ್ ಆಟದ ಬಗ್ಗೆ ನನಗೆ ಗೌರವ ಇದೆ ಅಂತ ಮೊದಲೇ ಹೇಳಿಬಿಡುತ್ತೇನೆ.

ಆದರೆ ವೃತ್ತಿಜೀವನ ಅಂದಮೇಲೆ ಪೂರ್ತಿ ಹೇಳಿ. ಇಬ್ಬರು ಯುವತಿಯರ ಜೊತೆ ಅಸಭ್ಯವಾಗಿ ನಡೆದುಕೊಂಡ ಪ್ರಕರಣದಲ್ಲಿ 2001ರಲ್ಲಿ ಕೋರ್ಟು ಅವನನ್ನು ತಪ್ಪಿತಸ್ಥ ಅಂತ ತೀರ್ಮಾನಿಸಿ 2,000 ಪೌಂಡ್ ದಂಡ ಹಾಕಿತು. ಅದೇ ವರ್ಷ ಅವನಿಗೆ ಘೋಷಣೆಯಾಗಿದ್ದ ಎಂಬಿಇ ಅನ್ನುವ ಬ್ರಿಟಿಷ್ ರಾಜಗೌರವ ರದ್ದಾಯಿತು. ಅಭಿಮಾನಿಗಳು ಹೇಳುವ ಕತೆಯಲ್ಲಿ ಕಾರ್ಖಾನೆ ಬರುತ್ತದೆ, ಬ್ರಿಸ್ಟೋ ಫೋನು ಬರುತ್ತದೆ, ಇದು ಮಾತ್ರ ಬರುವುದಿಲ್ಲ.

ಡಬಲ್ ಹದಿನಾರು:
ಸರಿಯಾದ ಮಾತು. ನಾನು ಇಲ್ಲಿ ವಾದಿಸುತ್ತಿರುವುದು ಅವನ ಆಟದ ಬಗ್ಗೆ. ಮನುಷ್ಯನ ಬಗ್ಗೆ ಸರ್ಟಿಫಿಕೇಟ್ ಕೊಡುತ್ತಿಲ್ಲ. ಅದು ದಾಖಲೆಯಲ್ಲಿರುವ ವಿಷಯ, ಹೇಳಲೇಬೇಕು.

ಲೆಸ್ಟರ್ ಕನ್ನಡತಿ:
ಅಷ್ಟಾದರೂ 2018ರಿಂದ ವರ್ಲ್ಡ್ ಮ್ಯಾಚ್‌ಪ್ಲೇ ಕಪ್ಪಿಗೆ ಅವನದೇ ಹೆಸರು. ಆ ಟೂರ್ನಿಯನ್ನೂ 16 ಸಲ ಗೆದ್ದಿದ್ದಾನೆ, ಆಟದ ಲೆಕ್ಕದಲ್ಲಿ ಸರಿಯೇ. ಆದರೂ ಆ ಕಪ್ ಎತ್ತಿ ಹಿಡಿಯುವುದನ್ನು ನೋಡುವಾಗ ನನಗೆ ಒಂಥರಾ ಆಗುತ್ತದೆ. ಇಷ್ಟೇ ಹೇಳುತ್ತೇನೆ.

ಡಬಲ್ ಹದಿನಾರು:
ಪೀಣ್ಯದವರ ಪ್ರಶ್ನೆಗೆ ಮತ್ತೆ ಬರುತ್ತೇನೆ. ಸತತ ಎಂಟು ಕಪ್ ಪಕ್ಕಕ್ಕಿಡಿ, ನಿಮ್ಮ ಮಾತೇ ಒಪ್ಪಿಕೊಂಡೆ ಅನ್ನಿ. ಆಮೇಲೆ ಆದದ್ದನ್ನು ನೋಡಿ. 2003ರ ಫೈನಲ್‌ನಲ್ಲಿ ಕೆನಡಾದ ಜಾನ್ ಪಾರ್ಟ್ 7-6ರಲ್ಲಿ ಸೋಲಿಸಿದ. 43ನೇ ವಯಸ್ಸು ಹತ್ತಿರ ಬಂದಿತ್ತು, ಕೈತುಂಬ ದುಡ್ಡಿತ್ತು, ಮನೆಗೆ ಹೋಗಬಹುದಿತ್ತು. ಮುಂದಿನ ವರ್ಷವೇ ಕೆವಿನ್ ಪೇಂಟರ್ ಎದುರು 7-6ರಲ್ಲಿ, ಕೊನೆಯ ಒಂದೇ ಲೆಗ್‌ವರೆಗೆ ಹೋಗಿ ಗೆದ್ದ.

2006ರಲ್ಲಿ ಬಾರ್ನೆವೆಲ್ಡ್ ಪಿಡಿಸಿಗೆ ಬಂದ. ಇದೇ ನೀವು ಕೇಳಿದ ಎದುರಾಳಿ. 2007ರ ಫೈನಲ್‌ನಲ್ಲಿ ಟೇಲರ್ 3-0 ಮುಂದಿದ್ದ. ಬಾರ್ನೆವೆಲ್ಡ್ ಒಂದೊಂದೇ ಸೆಟ್ ಹಿಡಿದು 6-6ಕ್ಕೆ ತಂದು, ಕೊನೆಗೆ ಒಂದೇ ಲೆಗ್‌ನಲ್ಲಿ ಗೆದ್ದುಬಿಟ್ಟ. 2008ರಲ್ಲಿ ಟೂರ್ನಿ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೆಸ್‌ಗೆ ಬಂತು, ಟೇಲರ್ ಕ್ವಾರ್ಟರ್ ಫೈನಲ್‌ನಲ್ಲೇ ವೇನ್ ಮಾರ್ಡಲ್ ಎದುರು ಮನೆಗೆ ಹೋದ. ಮುಗಿಯಿತು ಅಂತ ಎಲ್ಲರೂ ಬರೆದರು.

2009ರ ಫೈನಲ್ ಮತ್ತೆ ಅದೇ ಬಾರ್ನೆವೆಲ್ಡ್ ಜೊತೆ. ಟೇಲರ್ 7-1. ಮೂರು ಡಾರ್ಟಿಗೆ ಸರಾಸರಿ 110.94. ವಯಸ್ಸು 48. ಎರಡು ವರ್ಷ ಹಿಂದೆ ತನ್ನನ್ನು ಸೋಲಿಸಿದವನ ಎದುರು ಇಷ್ಟು ದೊಡ್ಡ ಸರಾಸರಿ. ಇಲ್ಲಿ ಖಾಲಿ ಮೈದಾನ ಎಲ್ಲಿದೆ? 2010ರಲ್ಲಿ ಸೈಮನ್ ವಿಟ್ಲಾಕ್ ಎದುರು ಮತ್ತೆ ಕಪ್. ಅದೇ ವರ್ಷ ಡಾರ್ಟ್ಸ್ ಪ್ರೀಮಿಯರ್ ಲೀಗ್ ಫೈನಲ್‌ನಲ್ಲಿ ಜೇಮ್ಸ್ ವೇಡ್ ಎದುರು ಒಂದೇ ಪಂದ್ಯದಲ್ಲಿ ಎರಡು ಸಲ ಒಂಬತ್ತು ಡಾರ್ಟಿಗೆ 501 ಮುಗಿಸಿದ. 501ನ್ನು ಒಂಬತ್ತಕ್ಕಿಂತ ಕಡಿಮೆ ಡಾರ್ಟಿನಲ್ಲಿ ಮುಗಿಸಲು ಆಗುವುದೇ ಇಲ್ಲ. 180, 180, ಕೊನೆಗೆ 141, ಅದರಲ್ಲೂ ಕೊನೆಯದು ಡಬಲ್.

ಇನ್ನು 2013. ಎದುರಿಗೆ ಮೈಕೆಲ್ ವಾನ್ ಗೆರ್ವೆನ್, ಟೇಲರ್‌ಗಿಂತ ಹತ್ತಿರ ಹತ್ತಿರ 29 ವರ್ಷ ಚಿಕ್ಕವನು. 4-2 ಮುಂದಿದ್ದ ಹುಡುಗನ ಎದುರು ಟೇಲರ್ ಸತತ ಐದು ಸೆಟ್ ತೆಗೆದುಕೊಂಡ. 7-4. ಹದಿನಾರನೆಯದು ಅದು.

ಪೀಣ್ಯ ಎರಡನೇ ಹಂತ:
2009ರ ಸರಾಸರಿಗೆ ನನ್ನ ಹತ್ತಿರ ಉತ್ತರ ಇಲ್ಲ, ಅದು ಬೇರೆ ಲೆಕ್ಕ. ಆದರೂ 1995-2002ರ ಎಂಟು ಕಪ್ಪಿಗೂ 2009, 2010, 2013ರ ಮೂರು ಕಪ್ಪಿಗೂ ಒಂದೇ ಬೆಲೆ ಕಟ್ಟಲು ನಾನು ತಯಾರಿಲ್ಲ. ಲಿಟ್ಲರ್ 2025ರ ಜನವರಿಯಲ್ಲಿ 17ನೇ ವಯಸ್ಸಿಗೇ ಇದೇ ವಾನ್ ಗೆರ್ವೆನ್‌ನನ್ನು 7-3ರಲ್ಲಿ ಹೊಡೆದು ಚಾಂಪಿಯನ್ ಆದ. ಅವನು ಇವತ್ತು ಯಾವ ಸುತ್ತಿನಲ್ಲೂ ಮೈಮರೆಯುವ ಹಾಗಿಲ್ಲ. ಒಂದನೇ ಸುತ್ತಿನಲ್ಲಿ ಬರುವವನೂ ಸರಿಯಾಗಿ ಹೊಡೆಯುತ್ತಾನೆ.

ಹಳೇ ಸ್ಕೋರರ್:
ಹಾಗೆ ಹೊಡೆಯುವವರು ಹುಟ್ಟಿದ್ದೇ ಟೇಲರ್‌ನನ್ನು ಸೋಲಿಸಲು ಅಲ್ವಾ? 1990ರಲ್ಲಿ ಗೆದ್ದವನಿಗೆ ಸಿಕ್ಕಿದ್ದು 24,000 ಪೌಂಡ್. 2025ರಲ್ಲಿ ಲಿಟ್ಲರ್‌ಗೆ 5 ಲಕ್ಷ ಪೌಂಡ್. ಅದರ ಮುಂದಿನ ಟೂರ್ನಿಯಿಂದ ಗೆದ್ದವರಿಗೆ 10 ಲಕ್ಷ. ಚಾಂಪಿಯನ್ ಆದವರನ್ನೇ ನೋಡಿ. ಬಾರ್ನೆವೆಲ್ಡ್ ಮೊದಲು ಪೋಸ್ಟ್‌ಮ್ಯಾನ್. ರಾಬ್ ಕ್ರಾಸ್ ಎಲೆಕ್ಟ್ರಿಷಿಯನ್. ಲ್ಯೂಕ್ ಹಂಫ್ರೀಸ್ ಮನೆಗಳಿಗೆ ಚಾವಣಿ ಹಾಕುತ್ತಿದ್ದವನು. ಇವರೆಲ್ಲ ಕೆಲಸ ಬಿಟ್ಟು ಬರುವಷ್ಟು ದುಡ್ಡು ಈ ಆಟದಲ್ಲಿ ಬಂದದ್ದು ಟೇಲರ್ ಪರದೆಯ ಮೇಲೆ ಇದ್ದ ವರ್ಷಗಳಲ್ಲಿ. ಅವನೊಬ್ಬನಿಂದಲೇ ಅನ್ನುವುದಿಲ್ಲ, ಸ್ಕೈ ಟಿವಿ ಇತ್ತು, ಪಿಡಿಸಿ ನಡೆಸಿದ ಬ್ಯಾರಿ ಹರ್ನ್ ಇದ್ದ. ಆದರೆ ತೋರಿಸಲು ಒಬ್ಬ ಬೇಕಿತ್ತು.

ನಿದ್ದೆಗೆಟ್ಟವ:
ರಾಬ್ ಕ್ರಾಸ್ ಅಂದಿರಿ, 2018ರ ಜನವರಿ 1ರ ವಿಶ್ವ ಫೈನಲ್ ನೆನಪಾಯಿತು. ಟೇಲರ್ ಇದೇ ನನ್ನ ಕೊನೆಯ ಟೂರ್ನಿ ಅಂತ ಮೊದಲೇ ಹೇಳಿದ್ದ. ಅದಕ್ಕೂ ಮುಂಚೆ 2017ರ ಜುಲೈನಲ್ಲಿ, 56ರಲ್ಲಿ, ಬ್ಲ್ಯಾಕ್‌ಪೂಲ್‌ನ ವರ್ಲ್ಡ್ ಮ್ಯಾಚ್‌ಪ್ಲೇ ಫೈನಲ್‌ನಲ್ಲಿ ಪೀಟರ್ ರೈಟ್‌ನನ್ನು 18-8 ಲೆಗ್‌ಗಳಲ್ಲಿ ಹೊಡೆದಿದ್ದ. ಕೊನೆಯ ಫೈನಲ್‌ನಲ್ಲೂ ಒಂದು ಲೆಗ್‌ನಲ್ಲಿ ಎಂಟು ಡಾರ್ಟು ಸರಿಯಾಗಿ ಬಿದ್ದವು, ಒಂಬತ್ತನೆಯದು ಡಬಲ್ 12 ಸ್ವಲ್ಪದರಲ್ಲಿ ತಪ್ಪಿತು. ನಾನು ಸೋಫಾದಿಂದ ಎದ್ದು ನಿಂತಿದ್ದೆ, ಅಮ್ಮ ಒಳಗಿಂದ ಏನಾಯಿತೋ ಅಂತ ಕೂಗಿದರು. ಕ್ರಾಸ್ 7-2ರಲ್ಲಿ ಗೆದ್ದ. ಆದರೂ ಸೋತ ಟೇಲರ್ ಸರಾಸರಿ 102 ದಾಟಿತ್ತು. ಕ್ರಾಸ್ 107 ದಾಟಿದ್ದ, ಅದೂ ವೃತ್ತಿಗೆ ಬಂದ ಮೊದಲ ವರ್ಷದಲ್ಲೇ.

ಮೂರು ತಿಂಗಳಾದ ಮೇಲೆ ಏಪ್ರಿಲ್ 5ಕ್ಕೆ ಬ್ರಿಸ್ಟೋ ಲಿವರ್‌ಪೂಲ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡ. ಅವತ್ತು ಅಲ್ಲಿ ಪ್ರೀಮಿಯರ್ ಲೀಗ್ ರಾತ್ರಿ ನಡೆಯುತ್ತಿತ್ತು.

ಕೊಡೆಯಾಲದವ:
ನಮ್ಮವರು ಯಾರೂ ಅಲ್ಲಿವರೆಗೆ ಹೋಗಿಲ್ವಾ?

ಹಳೇ ಸ್ಕೋರರ್:
ನಿತಿನ್ ಕುಮಾರ್ ಭಾರತದ ಅರ್ಹತಾ ಸುತ್ತು ಗೆದ್ದು ಅಲೆಕ್ಸಾಂಡ್ರಾ ಪ್ಯಾಲೆಸ್ ವೇದಿಕೆ ಹತ್ತಿದ್ದಾನೆ, ಒಂದಕ್ಕಿಂತ ಹೆಚ್ಚು ಸಲ. ಇಲ್ಲಿ ಕಷ್ಟ ಇರುವುದು ಪಂದ್ಯದ್ದು. ಪ್ರತಿ ವಾರ ತನಗಿಂತ ಚೆನ್ನಾಗಿ ಆಡುವವರ ಎದುರು ಸೋಲುವ ಅವಕಾಶ ನಮ್ಮ ಹುಡುಗರಿಗೆ ಇಲ್ಲ. ಲೆಸ್ಟರ್ ಅಕ್ಕ ಹೇಳಿದ ಪಬ್ ಲೀಗು ಇದ್ದಿದ್ದರೆ ಕತೆ ಬೇರೆ ಇರುತ್ತಿತ್ತು.

ಸುಮ್ನೆ ಓದೋನು:
ಎಲ್ಲರಿಗೂ ಥ್ಯಾಂಕ್ಸ್. ಈಗ 32 ಉಳಿದರೆ ಏನು ಮಾಡಬೇಕು ಅಂತ ಗೊತ್ತಾಯಿತು, ಬೋರ್ಡು ಮಾತ್ರ ಇಲ್ಲ. ಟೇಲರ್ ಆಟ ಒಂದೇ ಒಂದು ನೋಡಬೇಕು ಅಂದರೆ ಯಾವುದು?

ಡಬಲ್ ಹದಿನಾರು:
2009ರ ಫೈನಲ್.

ಪೀಣ್ಯ ಎರಡನೇ ಹಂತ:
ಬೇಡ, 2007 ನೋಡು. ಟೇಲರ್ ಸೋತದ್ದು ಅಂತ ಹೇಳುತ್ತಿಲ್ಲ ಮಾರಾಯ, ಪಂದ್ಯ ಚೆನ್ನಾಗಿದೆ. ಕೊನೆಯ ಸೆಟ್ ಮಾತ್ರ ನೋಡುವವನಿದ್ದರೆ ನೋಡಲೇಬೇಡ, ಮೊದಲಿಂದ ನೋಡು.